ಸ್ವೀಡನ್ನಿನ ಟೂಲೆಕ್ಸ್ ಆಲ್ಫಾ ಡಚ್ ಕಂಪನಿ ಆಗಿದ್ದು ಹೇಗೆ?

ಸೂಜಿಮೊನೆ:
ಎಲ್‌ಪಿ ಒತ್ತುವ ಕಾರ್ಖಾನೆಗಳ ಬಗ್ಗೆ ಏನು ಓದಿದರೂ ಟೂಲೆಕ್ಸ್ ಆಲ್ಫಾ ಎಂಬ ಹೆಸರು ಸಿಗುತ್ತದೆ. ನೆದರ್ಲೆಂಡ್ಸಿನ ಹಾರ್ಲೆಮ್ ಊರಿನ ರೆಕಾರ್ಡ್ ಇಂಡಸ್ಟ್ರಿ ಕಾರ್ಖಾನೆಯಲ್ಲೂ ಅದೇ ಪ್ರೆಸ್ಸು. ಅದು ಸ್ವೀಡನ್ನಿನ ಕಂಪನಿ ಅಂತ ಗೊತ್ತಿತ್ತು. ಆದರೆ ಸಿಡಿ ಉದ್ಯಮದ ಹಳೇ ಸುದ್ದಿಗಳಲ್ಲಿ ಟೂಲೆಕ್ಸ್ ಇಂಟರ್‌ನ್ಯಾಷನಲ್ ಎಂದು ಬರುತ್ತದೆ. ಅದು ನೆದರ್ಲೆಂಡ್ಸಿನದು, ಷೇರು ಅಮೆರಿಕದ ನಾಸ್ಡಾಕ್‌ನಲ್ಲಿ. ಇನ್ನೊಂದಿಷ್ಟು ವರ್ಷ ಬಿಟ್ಟು ನೋಡಿದರೆ ಹೆಸರೇ ಮಾಯ. ಇವೆರಡೂ ಒಂದೇನಾ? ಎಲ್‌ಪಿ ಮೆಷಿನ್ ಮಾಡುತ್ತಿದ್ದವರು ಸಿಡಿ ಕಡೆ ಯಾಕೆ ಹೋದರು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಪೀಣ್ಯ_ಅಚ್ಚು:
ಕಂಪನಿ ಕಥೆ ಬೇರೆಯವರು ಹೇಳಲಿ. ನಾನು ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದವನು, ಹಾಗಾಗಿ ಯಾಕೆ ಹೋದರು ಅನ್ನುವ ಪ್ರಶ್ನೆ ಹಿಡಿದುಕೊಳ್ಳುತ್ತೇನೆ.

ಎಲ್‌ಪಿ ಮತ್ತು ಸಿಡಿ ನೋಡಲು ಬೇರೆ, ಹುಟ್ಟುವ ರೀತಿ ಹೆಚ್ಚು ಕಡಿಮೆ ಒಂದೇ. ಎಲ್‌ಪಿಗೆ ಮೊದಲು ಲ್ಯಾಕರ್ ಬಳಿದ ತಟ್ಟೆಯ ಮೇಲೆ ಗೀರು ಕೊರೆಯುತ್ತಾರೆ. ಸಿಡಿಗೆ ಗಾಜಿನ ಮೇಲೆ ಬೆಳಕಿಗೆ ಕರಗುವ ಪದರ ಬಳಿದು ಲೇಸರಿನಿಂದ ಬರೆಯುತ್ತಾರೆ. ಅಲ್ಲಿಂದ ಮುಂದೆ ಎರಡಕ್ಕೂ ನಿಕಲ್ ಸ್ನಾನ. ವಿದ್ಯುತ್ ಹರಿಸಿ ನಿಕಲ್ ಬೆಳೆಸುತ್ತಾರೆ, ಅದನ್ನು ಬಿಡಿಸಿದರೆ ಫಾದರ್ ಅನ್ನುವ ಲೋಹದ ಪ್ರತಿ, ಅದರಿಂದ ಮದರ್, ಅದರಿಂದ ಸ್ಟ್ಯಾಂಪರ್, ಅಂದರೆ ಒತ್ತುವ ಅಚ್ಚು. ಈ ಸ್ಟ್ಯಾಂಪರ್ ಇಟ್ಟು ಪ್ಲಾಸ್ಟಿಕ್ ಒತ್ತುವುದು ಕೊನೆಯ ಕೆಲಸ. ಅಂದರೆ ಪ್ರೆಸ್ಸು ಗೊತ್ತು, ನಿಕಲ್ ಕೆಲಸ ಗೊತ್ತು ಅನ್ನುವ ಕಂಪನಿಗೆ ಸಿಡಿ ಅರ್ಧ ಪರಿಚಯದ ಊರು.

ಉಳಿದರ್ಧ ಮಾತ್ರ ಭಾರೀ ಕಷ್ಟದ್ದು. ಎಲ್‌ಪಿ ಗೀರು ಕಣ್ಣಿಗೆ ಕಾಣುತ್ತದೆ. ಸಿಡಿಯಲ್ಲಿ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ 1.6 ಮೈಕ್ರಾನ್. ಗುಂಡಿಯ ಆಳ ಸುಮಾರು 0.1 ಮೈಕ್ರಾನ್. 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆಯ ಒಂದು ಮುಖದಲ್ಲಿ ಇಷ್ಟು ಸಣ್ಣ ಗುಂಡಿಗಳು ಪೂರ್ತಿ ಮೂಡಬೇಕು, ತಟ್ಟೆ ಸೊಟ್ಟ ಆಗಬಾರದು, ಒಳಗೆ ಒತ್ತಡ ಉಳಿಯಬಾರದು. ಉಳಿದರೆ ಲೇಸರ್ ಬೆಳಕು ದಾರಿ ತಪ್ಪುತ್ತದೆ. ಇಷ್ಟೆಲ್ಲ ಆದ ಮೇಲೆ ಅಲ್ಯೂಮಿನಿಯಂ ಪದರ, ಲ್ಯಾಕರ್, ಅದರ ಮೇಲೆ ಚಿತ್ರ. ಡಿವಿಡಿ ಬಂದಾಗ 0.6 ಮಿಲಿಮೀಟರಿನ ಎರಡು ತಟ್ಟೆ ಒತ್ತಿ ಗುಳ್ಳೆ ಬರದಂತೆ ಅಂಟಿಸುವ ಕೆಲಸ ಬೇರೆ ಸೇರಿತು.

ಸೂಜಿಮೊನೆ:
@ಪೀಣ್ಯ_ಅಚ್ಚು ಇದು ಎಷ್ಟು ಹೊತ್ತಿನ ಕೆಲಸ?

ಪೀಣ್ಯ_ಅಚ್ಚು:
ಎಲ್‌ಪಿಗೆ ಅರ್ಧ ನಿಮಿಷದ ಆಸುಪಾಸು. ಪಿವಿಸಿ ಕಾಯಿಸಬೇಕು, ಒತ್ತಬೇಕು, ತಣಿಸಬೇಕು, ಅಂಚು ಕತ್ತರಿಸಬೇಕು. ಆರಂಭದ ಸಿಡಿ ಲೈನುಗಳೂ, ಅಂದರೆ ಸಾಲಾಗಿ ಜೋಡಿಸಿದ ಯಂತ್ರಗಳೂ, ನಿಧಾನವೇ. ಆಮೇಲೆ ಪೈಪೋಟಿ ಎಲ್ಲಾ ಸೆಕೆಂಡಿನ ಮೇಲೆ ನಡೆಯಿತು. ಕೊನೆಗೆ 4 ಸೆಕೆಂಡಿಗೊಂದು ಡಿಸ್ಕ್ ಅನ್ನುವುದು ಮಾಮೂಲಿ ಆಯಿತು. ನಿಲ್ಲಿಸದೆ ಓಡಿಸಿದರೆ ಒಂದು ಲೈನಿನಿಂದ ದಿನಕ್ಕೆ 21,600 ಡಿಸ್ಕ್. ಎಲ್‌ಪಿ ಪ್ರೆಸ್ಸಿನಲ್ಲಿ ಅದೇ ಲೆಕ್ಕ ಹಾಕಿದರೆ 3,000 ಕೂಡ ದಾಟುವುದಿಲ್ಲ.

ಷೇರುಪೇಟೆ_ಶೆಟ್ರು:
ಪೀಣ್ಯ_ಅಚ್ಚು ಅವರ ಕೊನೆಯ ಸಾಲು ಇಡೀ ವ್ಯವಹಾರದ ಬೀಗದಕೈ. ದಿನಕ್ಕೆ 21,600 ಅಂದರೆ ವರ್ಷಕ್ಕೆ ಸುಮಾರು 79 ಲಕ್ಷ. 2000ದಲ್ಲಿ ಸ್ವೀಡನ್ನಿನ ಜನಸಂಖ್ಯೆ 90 ಲಕ್ಷದ ಹತ್ತಿರ. ಒಂದೇ ಒಂದು ಮೆಷಿನ್ ಇಡೀ ದೇಶಕ್ಕೆ ಹತ್ತಿರ ಹತ್ತಿರ ತಲೆಗೊಂದು ಡಿಸ್ಕ್ ಒತ್ತಿ ಹಾಕುತ್ತದೆ. ಹೀಗಿರುವಾಗ ಮೆಷಿನ್ ಮಾಡುವ ಕಂಪನಿ ಮನೆಯೊಳಗೆ ಎಷ್ಟು ಮೆಷಿನ್ ಮಾರಲು ಸಾಧ್ಯ? ಮೊದಲ ದಿನದಿಂದಲೇ ಹೊರಗೆ ಮಾರಬೇಕು.

ಈಗ ಸೂಜಿಮೊನೆ ಕೇಳಿದ್ದಕ್ಕೆ ಬರುತ್ತೇನೆ. ಕಂಪನಿ ಒಂದೇ. ನೆದರ್ಲೆಂಡ್ಸಿನಲ್ಲಿ, ಫಿಲಿಪ್ಸ್ ಊರಾದ ಐಂಡ್‌ಹೋವನ್ ಪಕ್ಕ, ಓಡಿಎಂಇ ಎಂಬ ಕಂಪನಿ ಇತ್ತು. ಅವರ ಬಲ ಮಾಸ್ಟರಿಂಗ್, ಅಂದರೆ ಗಾಜಿನ ಮೇಲೆ ಲೇಸರ್ ಬರೆಯುವ ಯಂತ್ರ. ಟೂಲೆಕ್ಸ್ ಆಲ್ಫಾದ ಬಲ ಅದರಿಂದ ಮುಂದಿನದು, ನಿಕಲ್ ಮತ್ತು ಒತ್ತುವ ಕೆಲಸ. 1990ರ ದಶಕದ ನಡುವಿನಲ್ಲಿ ಇಬ್ಬರೂ ಸೇರಿದರು. ಮುಖ್ಯ ಕಚೇರಿ ಫೆಲ್ಡ್‌ಹೋವನ್‌ನಲ್ಲಿ, ಹೆಸರು ಮಾತ್ರ ಸ್ವೀಡನ್ನಿನವರದು. ಹಾಗೆ ಬಂದದ್ದು ಟೂಲೆಕ್ಸ್ ಇಂಟರ್‌ನ್ಯಾಷನಲ್. ಫೆಲ್ಡ್‌ಹೋವನ್ ಅಂದರೆ ಇವತ್ತು ಚಿಪ್ ತಯಾರಿಸುವ ಯಂತ್ರ ಮಾಡುವ ಎಎಸ್‌ಎಂಎಲ್ ಊರು. ಚಿಪ್ ಮೇಲೆ ಬೆಳಕಿನಿಂದ ಗೆರೆ ಬರೆಯುವವರೂ ಡಿಸ್ಕ್ ಮೇಲೆ ಬೆಳಕಿನಿಂದ ಗುಂಡಿ ಬರೆಯುವವರೂ ಅಕ್ಕಪಕ್ಕ ಇದ್ದದ್ದು ಸುಮ್ನೆ ಅಲ್ಲ.

ಹಳೇ_ಕ್ಯಾಸೆಟ್:
ಶೆಟ್ರೇ, ಇಬ್ಬರಿಗೂ ಒಬ್ಬೊಬ್ಬರದೇ ವ್ಯಾಪಾರ ಚೆನ್ನಾಗಿತ್ತಲ್ವಾ? 90ರ ದಶಕ ಅಂದರೆ ಸಿಡಿಗೆ ಸುಗ್ಗಿ ಕಾಲ. ಸುಗ್ಗಿಯಲ್ಲಿ ಯಾರಾದರೂ ಗದ್ದೆ ಒಟ್ಟು ಮಾಡುತ್ತಾರಾ?

ಷೇರುಪೇಟೆ_ಶೆಟ್ರು:
ಈ ಉದ್ಯಮದಲ್ಲಿ ಮಾಡಿದರು, ಅದಕ್ಕೆ ಕಾರಣ ಇದೆ. ಮೊದಮೊದಲು ಕಾರ್ಖಾನೆಯವರು ಮೋಲ್ಡಿಂಗ್ ಮೆಷಿನ್ ಒಬ್ಬರಿಂದ, ಅಲ್ಯೂಮಿನಿಯಂ ಹಾಕುವುದನ್ನು ಇನ್ನೊಬ್ಬರಿಂದ, ತಪಾಸಣೆ ಯಂತ್ರ ಮತ್ತೊಬ್ಬರಿಂದ ಕೊಂಡು ನಡುವೆ ರೋಬೋ ಕೈ ಇಟ್ಟು ಜೋಡಿಸುತ್ತಿದ್ದರು. ಡಿಸ್ಕ್ ಕೆಟ್ಟರೆ ತಪ್ಪು ಯಾರದು ಅಂತ ಎಲ್ಲರೂ ಒಬ್ಬರ ಮೇಲೊಬ್ಬರು ಹಾಕುವುದು. 90ರ ದಶಕದಲ್ಲಿ ಎಲ್ಲವನ್ನೂ ಒಂದೇ ಗೂಡಿನೊಳಗೆ ಸೇರಿಸಿದ ಲೈನುಗಳು ಬಂದವು. ಸಿಂಗಾಪುರದಲ್ಲೋ ಹಾಂಗ್‌ಕಾಂಗ್‌ನಲ್ಲೋ ಹೊಸದಾಗಿ ದುಡ್ಡು ಹಾಕುವವನಿಗೆ ಡಿಸ್ಕ್ ವಿದ್ಯೆ ಗೊತ್ತಿಲ್ಲ. ಅವನಿಗೆ ಗಾಜಿನಿಂದ ಹಿಡಿದು ತಯಾರಾದ ಡಿಸ್ಕ್ ತನಕ ಒಬ್ಬರೇ ಜವಾಬ್ದಾರಿ ಹೊರಬೇಕು. ಅರ್ಧ ಕಾರ್ಖಾನೆ ಮಾರುವವರಿಗೆ ಅವನು ಆರ್ಡರ್ ಕೊಡುವುದಿಲ್ಲ. ಬೆಳೆಯುವ ಕಾಲದ ವಿಲೀನ ಇದು.

ಅದೇ ಹೊತ್ತಿಗೆ ಜರ್ಮನಿಯಲ್ಲಿ 1995ರಲ್ಲಿ ಲೈಬೋಲ್ಡ್ ಕಂಪನಿಯಿಂದ ಸಿಂಗುಲಸ್ ಎಂಬ ಡಿಸ್ಕ್ ಯಂತ್ರಗಳ ಕಂಪನಿ ಬೇರೆಯಾಯಿತು. ಅಲ್ಯೂಮಿನಿಯಂ ಪದರ ಹಾಕುವುದರಲ್ಲಿ ಅವರು ಗಟ್ಟಿಗರು. 1997ರಲ್ಲಿ ಷೇರುಪೇಟೆಗೆ ಬಂದರು. ಎದುರಾಳಿ ಯಾರು ಅಂತ ಟೂಲೆಕ್ಸ್‌ಗೆ ಸ್ಪಷ್ಟ ಇತ್ತು.

ಮಾಲ್ಮೋಮಳೆ:
ನಾನು ಕೆಲಸದ ನಿಮಿತ್ತ ದಕ್ಷಿಣ ಸ್ವೀಡನ್ನಿನಲ್ಲಿದ್ದೇನೆ. ಟೂಲೆಕ್ಸ್ ಬಗ್ಗೆ ಶೆಟ್ರು ಹೇಳಿದ್ದು ಸಾಕು, ಆದರೆ ಸ್ಕ್ಯಾಂಡಿನೇವಿಯಾದ ಡಿಸ್ಕ್ ಕಥೆ ಅದೊಂದೇ ಅಲ್ಲ. ಮಾಲ್ಮೋ ಕೂಡ ಡಿಸ್ಕ್ ಊರೇ. ಸಿಡಿ ಪ್ಲಾಂಟ್ ಎಂಬ ಕಾರ್ಖಾನೆ ಇಲ್ಲಿತ್ತು. ಬೆಂಗಳೂರಿನಲ್ಲಿ ಸ್ವೀಡನ್ನಿನ ಮೆಟಲ್ ಸಂಗೀತ ಕೂಡಿಡುವವರ ಹತ್ತಿರ ಅದರ ಡಿಸ್ಕ್ ಇದ್ದರೂ ಇರಬಹುದು. ಇನ್ನೊಂದು ಆಡಿಯೋಡೆವ್. ಅವರು ಡಿಸ್ಕ್ ಒತ್ತಲಿಲ್ಲ, ಒತ್ತಿದ್ದು ಸರಿಯಾಗಿದೆಯಾ ಅಂತ ಅಳೆಯುವ ಯಂತ್ರ ಮಾಡಿದರು. ಅವರ ಕ್ಯಾಟ್ಸ್ ಯಂತ್ರ ಜಗತ್ತಿನ ಎಷ್ಟೋ ಕಾರ್ಖಾನೆಗಳಲ್ಲಿ ಇತ್ತು. ಸ್ಟಾಕ್‌ಹೋಮ್ ಷೇರುಪೇಟೆಯಲ್ಲೂ ಇದ್ದ ಕಂಪನಿ.

ಇಲ್ಲಿನ ಕಾರ್ಖಾನೆಗಳು ಗಡಿ ದಾಟಿ ಯೋಚನೆ ಮಾಡಿದ್ದಕ್ಕೆ ಒಂದು ಸಣ್ಣ ಸಾಕ್ಷಿ ನಿಮ್ಮ ಕೈಗೂ ಸಿಗಬಹುದು. ನಾರ್ಡಿಕ್ ಡಿವಿಡಿ ಒಂದನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್, ಫಿನ್ನಿಷ್ ನಾಲ್ಕೂ ಇರುತ್ತದೆ. ಒಳಗೆ ಸಬ್‌ಟೈಟಲ್ಲೂ ಹಾಗೇ. ಇಲ್ಲಿ ಮಕ್ಕಳ ಸಿನಿಮಾ ಬಿಟ್ಟರೆ ಡಬ್ಬಿಂಗ್ ಕಡಿಮೆ, ಎಲ್ಲಾ ಸಬ್‌ಟೈಟಲ್ಲೇ. ನಾಲ್ಕು ದೇಶಕ್ಕೆ ಒಂದೇ ಡಿಸ್ಕ್ ಒತ್ತಿದರೆ ಸಾಕು. ಅಂದ ಮೇಲೆ ನಾಲ್ಕು ದೇಶಕ್ಕೆ ನಾಲ್ಕು ಕಾರ್ಖಾನೆ ಯಾಕೆ? 2000ದ ಜುಲೈನಲ್ಲಿ ಮಾಲ್ಮೋಗೂ ಕೋಪನ್‌ಹೇಗನ್‌ಗೂ ನಡುವೆ ಸೇತುವೆ ತೆರೆದ ಮೇಲಂತೂ ಲಾರಿಗೆ ಎರಡು ದೇಶ ಒಂದೇ ಊರಿದ್ದ ಹಾಗೆ.

ಸೂಜಿಮೊನೆ:
ಈ ಸಬ್‌ಟೈಟಲ್ ವಿಷಯ ತಲೆಗೆ ಹೊಳೆದೇ ಇರಲಿಲ್ಲ. ನನ್ನ ಹತ್ತಿರ ಮಾಲ್ಮೋದಲ್ಲಿ ಒತ್ತಿದ ಒಂದು ಸಿಡಿ ಇದೆ. ನಡುವಿನ ಉಂಗುರದಲ್ಲಿ ಐಎಫ್‌ಪಿಐ ಅಂತ ಎರಡು ಕಡೆ ಬರೆದಿದೆ. ಅದೇನು?

ಪೀಣ್ಯ_ಅಚ್ಚು:
ಎಸ್‌ಐಡಿ ಕೋಡ್, ಡಿಸ್ಕ್ ಎಲ್ಲಿ ತಯಾರಾಯಿತು ಅಂತ ಹೇಳುವ ಗುರುತು. ಐಎಫ್‌ಪಿಐ ಅಂದರೆ ಹಾಡಿನ ಕಂಪನಿಗಳ ಅಂತರರಾಷ್ಟ್ರೀಯ ಸಂಘ. ಕಳ್ಳ ಡಿಸ್ಕ್ ಹಿಡಿಯಲು 1994ರಲ್ಲಿ ತಂದರು. ಎಲ್ ಅಕ್ಷರದಿಂದ ಶುರುವಾಗುವುದು ಮಾಸ್ಟರ್ ಮಾಡಿದ ಯಂತ್ರದ್ದು. ಇನ್ನೊಂದು ಒತ್ತಿದ ಮೋಲ್ಡಿನದು, ಅದನ್ನು ಮೋಲ್ಡಿನ ಲೋಹದಲ್ಲೇ ಕೆತ್ತಿರುತ್ತಾರೆ, ಹಾಗಾಗಿ ಆ ಮೋಲ್ಡಿನಿಂದ ಬಂದ ಪ್ರತಿ ಡಿಸ್ಕಿನಲ್ಲೂ ಬರುತ್ತದೆ. ಎರಡೂ ಕೋಡ್ ಬೇರೆ ಬೇರೆ ಕಾರ್ಖಾನೆಯವಾಗಿದ್ದರೆ ಗಾಬರಿ ಬೇಡ. ಮಾಸ್ಟರಿಂಗ್ ಹೊರಗೆ ಮಾಡಿಸಿ ಒತ್ತುವುದನ್ನು ಮಾತ್ರ ತಾವೇ ಮಾಡುತ್ತಿದ್ದವರು ಬಹಳ ಇದ್ದರು.

ಹಳೇ_ಕ್ಯಾಸೆಟ್:
ಎಲ್ಲಾ ಸರಿ ಸ್ವಾಮಿ. ಆದರೆ ಈ ಡಿಸ್ಕುಗಳಿಗೆ ಗುಂಡಿ ತೋಡಿದವರೂ ಅದೇ ಕಡೆಯವರು! ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್ 1999ರಲ್ಲಿ ಡಿವಿಡಿ ಬೀಗ ಒಡೆಯುವ ಡಿಸಿಎಸ್‌ಎಸ್ ಹೊರಬಿಟ್ಟಾಗ ಹದಿನೈದರ ಹುಡುಗ. ಇಂಟರ್ನೆಟ್ಟಿನಲ್ಲಿ ಹಾಡು, ಸಿನಿಮಾ ಫೈಲು ಹಂಚಿಕೊಳ್ಳುವ 2001ರ ಕಜಾ ಹಿಂದೆ ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್, ಡೆನ್ಮಾರ್ಕಿನ ಯಾನುಸ್ ಫ್ರೀಸ್. ಅಂಥದ್ದೇ ಇನ್ನೊಂದು, ಪೈರೇಟ್ ಬೇ, 2003, ಸ್ವೀಡನ್. 2008ರ ಅಕ್ಟೋಬರಿನಲ್ಲಿ ಸ್ಪಾಟಿಫೈ, ಅದೂ ಸ್ಟಾಕ್‌ಹೋಮ್. ಒಂದು ಕೈಯಲ್ಲಿ ಡಿಸ್ಕ್ ಮೆಷಿನ್ ಮಾರಿ ಇನ್ನೊಂದು ಕೈಯಲ್ಲಿ ಡಿಸ್ಕನ್ನೇ ಮುಗಿಸಿದರು. ವಿಲೀನ ಗಿಲೀನ ಎಲ್ಲಾ ನೆಪ.

ಷೇರುಪೇಟೆ_ಶೆಟ್ರು:
ಕಥೆ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ತಾರೀಖು ನೋಡಿ. ಅಮೆರಿಕದಲ್ಲಿ ಸಿಡಿ ಮಾರಾಟ ತುತ್ತತುದಿ ಮುಟ್ಟಿದ್ದು 2000ದಲ್ಲಿ, 94 ಕೋಟಿ ಡಿಸ್ಕ್. ಮೆಷಿನ್ ಮಾಡುವವರ ಕಷ್ಟ ಅದಕ್ಕೂ ಮೊದಲೇ ಶುರುವಾಗಿತ್ತು. ಡಿಸ್ಕ್ ಮಾರಾಟ ನಿಂತರೆ ಮಾತ್ರ ಮೆಷಿನ್ ಮಾರಾಟ ನಿಲ್ಲುತ್ತದೆ ಅಂತ ಅಲ್ಲ. ಡಿಸ್ಕ್ ಮಾರಾಟ ಬೆಳೆಯುವುದು ನಿಂತರೂ ಸಾಕು, ಹೊಸ ಮೆಷಿನ್ ಯಾರಿಗೂ ಬೇಡ. ಇದ್ದ ಲೈನು ವರ್ಷಗಟ್ಟಲೆ ಓಡುತ್ತದೆ. ಅದರ ಮೇಲೆ ಪ್ರತಿ ಹೊಸ ಮಾದರಿಯೂ ಹಳೆಯದಕ್ಕಿಂತ ವೇಗ. ಎರಡು ಹಳೇ ಲೈನು ಮಾಡುವ ಕೆಲಸ ಒಂದು ಹೊಸ ಲೈನು ಮಾಡಿದರೆ, ನಿಮ್ಮ ಜಾಣತನವೇ ನಿಮ್ಮ ಮುಂದಿನ ಆರ್ಡರ್ ತಿಂದಿತು ಅಂತ ಅರ್ಥ.

ಹಾಗಾಗಿ 2000 ಆದ ಮೇಲೆ ನಡೆದ ವಿಲೀನಗಳ ಗುಣವೇ ಬೇರೆ. ಮೊದಲಿನವು ಇಲ್ಲದ ಕೌಶಲ ತಂದುಕೊಳ್ಳಲು. ಆಮೇಲಿನವು ಖಾಲಿ ಕೂತ ಸಾಮರ್ಥ್ಯ ಮುಚ್ಚಲು. ಟೂಲೆಕ್ಸ್‌ನ ನಿಕಲ್ ವಿಭಾಗ ಜರ್ಮನಿಯ ಟೆಕ್ನೋಟ್ರಾನ್ಸ್ ಕಂಪನಿಗೆ ಹೋಯಿತು. ಉಳಿದದ್ದು ಮತ್ತೆ ಓಡಿಎಂಇ ಹೆಸರಿಗೆ ಮರಳಿತು. 2002ರಲ್ಲಿ ಆ ಮಾಸ್ಟರಿಂಗ್ ವಿಭಾಗ ಕೊಂಡವರು ಯಾರು ಹೇಳಿ? ಸಿಂಗುಲಸ್. 2008ರಲ್ಲಿ ಅದೇ ಸಿಂಗುಲಸ್ ಇನ್ನೊಬ್ಬ ಎದುರಾಳಿ ಓರ್ಲಿಕಾನ್‌ನ ಡಿಸ್ಕ್ ಯಂತ್ರಗಳ ವ್ಯಾಪಾರವನ್ನೂ ತಗೊಂಡಿತು. ಕೊನೆಗೆ ಉಳಿದವರ ಹತ್ತಿರ ಎಲ್ಲಾ ಇತ್ತು, ಗಿರಾಕಿ ಕಡಿಮೆ. ಅವರೂ ಸೋಲಾರ್ ಕಡೆ ತಿರುಗಿದರು.

ಹಳೇ_ಕ್ಯಾಸೆಟ್:
ಅಂದರೆ ಪೈರಸಿಗೆ ಪಾಲೇ ಇಲ್ಲ ಅಂತೀರಾ?

ಷೇರುಪೇಟೆ_ಶೆಟ್ರು:
ಇದೆ, ಒತ್ತುವ ಕಾರ್ಖಾನೆಗಳ ವಿಷಯದಲ್ಲಿ ಜಾಸ್ತಿ ಇದೆ. ಅವರು ಡಿಸ್ಕಿನ ಲೆಕ್ಕದಲ್ಲಿ ದುಡಿಯುವವರು. ಹಾಡಿನ ಕಂಪನಿಗಳು ತಮ್ಮ ಕಾರ್ಖಾನೆ ಮಾರಿದ ಕ್ರಮ ನೋಡಿದರೆ ಯಾರಿಗೆ ಯಾವಾಗ ವಾಸನೆ ಬಡಿಯಿತು ಅಂತ ಗೊತ್ತಾಗುತ್ತದೆ. 2003ರಲ್ಲಿ ಟೈಮ್ ವಾರ್ನರ್ ತನ್ನ ಡಿಸ್ಕ್ ಕಾರ್ಖಾನೆಗಳನ್ನು ಕೆನಡಾದ ಸಿನ್‌ರಾಮ್‌ಗೆ ಸುಮಾರು 105 ಕೋಟಿ ಡಾಲರಿಗೆ ಮಾರಿತು. ಒಂಬತ್ತು ವರ್ಷಕ್ಕೆ, 2012ರಲ್ಲಿ, ಸಿನ್‌ರಾಮ್ ದಿವಾಳಿ. 2015ರಲ್ಲಿ ಅದರ ಅಮೆರಿಕದ ಭಾಗ ಟೆಕ್ನಿಕಲರ್ ಪಾಲಾಯಿತು. ಮಾರಿದವರು ಜಾಣರು.

ಮಾಲ್ಮೋಮಳೆ:
ಜರ್ಮನಿಯ ಲಾಂಗೆನ್‌ಹಾಗನ್ ಕಾರ್ಖಾನೆಯದು ಇನ್ನೂ ಮಜಾ. ಹಾನೋವರ್ ಪಕ್ಕದ ಊರು. 1982ರ ಆಗಸ್ಟ್ 17ರಂದು ಅಲ್ಲಿ ಸಿಡಿ ಉತ್ಪಾದನೆ ಶುರುವಾದಾಗ ಮೊದಲು ಒತ್ತಿದ್ದು ಅಬ್ಬಾ ತಂಡದ ಆಲ್ಬಮ್. ಸಂಗೀತ ಸ್ವೀಡನ್ನಿನದು, ಪ್ಲಾಸ್ಟಿಕ್ ಜರ್ಮನಿಯದು. ಆಗ ಪಾಲಿಗ್ರಾಮ್ ಎಂಬ ಹಾಡಿನ ಕಂಪನಿಯ ಒಡೆತನ. 1998ರಲ್ಲಿ ಪಾಲಿಗ್ರಾಮನ್ನು ಕೊಂಡದ್ದು ಸೀಗ್ರಾಮ್. ಹೌದು, ನಮ್ಮೂರ ವೈನ್‌ಶಾಪ್ ಬೋರ್ಡಿನಲ್ಲಿ ಕಾಣುವ ಅದೇ ಸೀಗ್ರಾಮ್. ಹಾಗೆ ಕಾರ್ಖಾನೆ ಸೀಗ್ರಾಮ್ ಒಡೆತನದ ಯೂನಿವರ್ಸಲ್ ಕೈಗೆ ಬಂತು. 2005ರಲ್ಲಿ ಅಲ್ಲಿಂದ ಗ್ಲೆನೇರ್ ಅನ್ನುವವರಿಗೆ. ಅವರು ಪೇಜರ್ ಸಲಕರಣೆ ಮಾಡುತ್ತಿದ್ದವರು. ಪೇಜರ್ ಸತ್ತಿತು ಅಂತ ಸಿಡಿ ಕೊಂಡರು, ಪಾಪ.

ಹಳೇ_ಕ್ಯಾಸೆಟ್:
😂 ಈ ಮನುಷ್ಯರಿಗೆ ಜಾತಕ ಬರೆದವರು ಯಾರಪ್ಪ.

ನಮ್ಮ ಕಡೆಯೂ ಒಂದಿದೆಯಲ್ಲ, ಮೋಸರ್ ಬೇರ್. 1983ರಲ್ಲಿ ದೆಹಲಿಯಲ್ಲಿ ಶುರು, ಫ್ಲಾಪಿ ಮಾಡಿದರು, 1999ರಿಂದ ಸಿಡಿ-ಆರ್, ಅಂದರೆ ನಾವೇ ಬರೆದುಕೊಳ್ಳುವ ಖಾಲಿ ಸಿಡಿ. ಜಗತ್ತಿನ ದೊಡ್ಡ ತಯಾರಕರಲ್ಲಿ ಒಬ್ಬರಾದರು. 2007ರಲ್ಲಿ ಸಿನಿಮಾ ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ಬಿಟ್ಟಾಗ ಪೈರೆಟ್ ಡಿಸ್ಕ್ ಮಾರುವವರೇ ಬೆವೆತರು. ಕನ್ನಡ ಸಿನಿಮಾಗಳೂ ಎಷ್ಟೊಂದು ಬಂದವು. ಮೆಜೆಸ್ಟಿಕ್ ಕಡೆ ಅಂಗಡಿಗಳಲ್ಲಿ ಸಾಲು ಸಾಲು ಜೋಡಿಸಿರುತ್ತಿದ್ದರು.

ಷೇರುಪೇಟೆ_ಶೆಟ್ರು:
ಅವರೂ ಅದೇ ದಾರಿ ಹಿಡಿದರು ನೋಡಿ. 2007ರಲ್ಲೇ ನೆದರ್ಲೆಂಡ್ಸಿನ ಓಎಂ ಅಂಡ್ ಟಿ ಕೊಂಡರು. ಅದು ಫಿಲಿಪ್ಸ್‌ನ ಆಪ್ಟಿಕಲ್ ಡಿಸ್ಕ್ ಸಂಶೋಧನೆ ಘಟಕ, ಐಂಡ್‌ಹೋವನ್ ಕಡೆಯದು. ಸೋಲಾರ್‌ಗೂ ಇಳಿದರು. ಪದರ ಹಾಕುವ ವಿದ್ಯೆ ಇದ್ದವರೆಲ್ಲ ಸೋಲಾರ್‌ಗೇ ಓಡಿದರು ಆಗ. 2018ರಲ್ಲಿ ಕಂಪನಿ ಮುಚ್ಚಲು ಆದೇಶ ಆಯಿತು. ಸಾಲ ಜಾಸ್ತಿ ಇಟ್ಟುಕೊಂಡು ಒಂದು ಮುಳುಗುವ ಧಂದೆಯಿಂದ ಇನ್ನೊಂದು ಬೆಲೆ ಕುಸಿಯುವ ಧಂದೆಗೆ ಹಾರಿದರೆ ಹೀಗೇ.

ಸೂಜಿಮೊನೆ:
ಹಾಗಾದರೆ ಮಾರಿಹೋದ ಮೆಷಿನ್‌ಗಳ ಗತಿ ಏನು? ಎಲ್‌ಪಿ ಪ್ರೆಸ್ಸು ಇನ್ನೂ ಓಡುತ್ತಿದೆ ಅಂದೆನಲ್ಲ, ಸಿಡಿ ಲೈನುಗಳು?

ಪೀಣ್ಯ_ಅಚ್ಚು:
ಸೆಕೆಂಡ್ ಹ್ಯಾಂಡಿಗೆ ಹೋಗುತ್ತವೆ, ಬಿಡಿಭಾಗಕ್ಕೆ ಒಡೆಯುತ್ತಾರೆ, ಮಿಕ್ಕದ್ದು ಗುಜರಿ. ಎಲ್‌ಪಿ ಪ್ರೆಸ್ಸಿಗೂ ಸಿಡಿ ಲೈನಿಗೂ ಇರುವ ವ್ಯತ್ಯಾಸ ಇಲ್ಲೇ. ಎಲ್‌ಪಿ ಪ್ರೆಸ್ಸು ಅಂದರೆ ಹೈಡ್ರಾಲಿಕ್, ಹಬೆ, ನೀರು, ದಪ್ಪ ಉಕ್ಕು. ಒಂದು ವಾಲ್ವ್ ಹೋದರೆ ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲಾದರೂ ಮಾಡಿಸಬಹುದು. ಸಿಡಿ ಲೈನಿನಲ್ಲಿ ವ್ಯಾಕ್ಯೂಮ್ ಪಂಪು, ಕ್ಯಾಮೆರಾ, ಆ ಕಾಲದ ಕಂಟ್ರೋಲ್ ಕಾರ್ಡು. ಕಾರ್ಡು ಸುಟ್ಟು ಅದನ್ನು ಮಾಡಿದವರೇ ಇಲ್ಲ ಅಂದರೆ ಇಡೀ ಲೈನು ಪೆಟ್ಟಿಗೆ. ನಮ್ಮ ಶಾಪಿನಲ್ಲೂ ಮೂವತ್ತು ದಾಟಿದ ಮೆಷಿನ್ ಓಡುತ್ತಿದೆ, ಅದಕ್ಕಿಂತ ಹೊಸದು ಕಾರ್ಡ್ ಸಿಗದೆ ಮೂಲೆ ಸೇರಿದೆ. ಹಾಗಾಗಿ ನನಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಮಾಲ್ಮೋಮಳೆ:
ಮಾಲ್ಮೋ ಜನಕ್ಕೆ ಯಂತ್ರ ಬೇರೆ ದೇಶಕ್ಕೆ ಹೋಗುವುದು ಹೊಸದಲ್ಲ. ಇಲ್ಲಿನ ಕೊಕುಮ್ಸ್ ಹಡಗುಕಟ್ಟೆಯಲ್ಲಿ ಸುಮಾರು 140 ಮೀಟರ್ ಎತ್ತರದ ಕ್ರೇನ್ ಇತ್ತು. 2002ರಲ್ಲಿ ಅದನ್ನು ಬಿಚ್ಚಿ ಕೊರಿಯಾದ ಉಲ್ಸಾನ್‌ಗೆ ಸಾಗಿಸಿದರು. ಹ್ಯುಂಡೈ ಕೊಟ್ಟ ಬೆಲೆ 1 ಡಾಲರ್, ಬಿಚ್ಚಿ ಸಾಗಿಸುವ ಖರ್ಚು ಅವರದೇ.

ಎಲ್‌ಪಿ ಪ್ರೆಸ್ಸಿಗೆ ಮರುಜನ್ಮವೂ ಆಗಿದೆ. ಸ್ವೀಡನ್ನಿನಲ್ಲೇ ಫೀನಿಕ್ಸ್ ಆಲ್ಫಾ ಎಂಬ ಕಂಪನಿ ಹಳೇ ಆಲ್ಫಾ ವಿನ್ಯಾಸದ ಮೇಲೆ ಎಡಿ12 ಅನ್ನುವ ಹೊಸ ಪ್ರೆಸ್ ಮಾಡಿ ಮಾರುತ್ತಿದೆ. ಗೋಥೆನ್‌ಬರ್ಗ್ ಹತ್ತಿರ ಸ್ಪಿನ್‌ರೋಡ್ ಎಂಬ ಹೊಸ ಎಲ್‌ಪಿ ಕಾರ್ಖಾನೆಯೂ ಇದೆ.

ಷೇರುಪೇಟೆ_ಶೆಟ್ರು:
ಲೆಕ್ಕವೂ ಅದನ್ನೇ ಹೇಳುತ್ತದೆ. ಅಮೆರಿಕದಲ್ಲಿ 2022ರಲ್ಲಿ 4.1 ಕೋಟಿ ಎಲ್‌ಪಿ, 3.3 ಕೋಟಿ ಸಿಡಿ. ಎಣಿಕೆಯಲ್ಲಿ ಎಲ್‌ಪಿ ಮುಂದೆ ಬಂದದ್ದು 1987ರ ನಂತರ ಅದೇ ಮೊದಲು. ಆದರೂ ಜಾಸ್ತಿ ಕುಣಿಯಬೇಡಿ. 94 ಕೋಟಿ ಒತ್ತಿದ ಜಾಗದಲ್ಲಿ 4 ಕೋಟಿ. ಎಲ್‌ಪಿ ಗೆದ್ದಿತು ಅನ್ನುವುದಕ್ಕಿಂತ ಸಿಡಿ ಬಿದ್ದಿತು ಅನ್ನುವುದು ಸರಿ. ನಿಧಾನದ ಮೆಷಿನ್ ಆದ್ದರಿಂದ ಅಷ್ಟಕ್ಕೇ ತಿಂಗಳುಗಟ್ಟಲೆ ಕಾಯಬೇಕಾಯಿತು, ಆ ಕೊರತೆಯಿಂದಲೇ ಹೊಸ ಪ್ರೆಸ್ ಮಾಡುವವರಿಗೆ ಗಿರಾಕಿ ಸಿಕ್ಕರು. ಟೂಲೆಕ್ಸ್ ಇಂಟರ್‌ನ್ಯಾಷನಲ್‌ಗೆ ವೇಗ ಮುಳುವಾಯಿತು, ಹಳೇ ಆಲ್ಫಾ ಪ್ರೆಸ್ಸಿಗೆ ನಿಧಾನವೇ ಅನ್ನ ಹಾಕಿತು.

ಲ್ಯಾಬ್‌ಕೋಟು:
ತಡವಾಗಿ ಬಂದೆ. ಸೋಲಾರ್ ಒಂದೇ ದಾರಿ ಅಲ್ಲ. ಸಣ್ಣ ಗುಂಡಿ, ಸಣ್ಣ ಕಾಲುವೆ ಪ್ಲಾಸ್ಟಿಕ್‌ನಲ್ಲಿ ತಪ್ಪಿಲ್ಲದೆ ಒತ್ತುವ ವಿದ್ಯೆ ನಮ್ಮ ಕಡೆ, ಅಂದರೆ ಬಯೋಟೆಕ್ ಕಡೆ ಬಂದಿದೆ. ಆಸ್ಟ್ರಿಯಾದ ಆನಿಫ್‌ನಲ್ಲಿ ಸೋನಿ ಡಿಎಡಿಸಿ ಅಂತ ದೊಡ್ಡ ಡಿಸ್ಕ್ ಕಾರ್ಖಾನೆ ಇತ್ತು. ಅವರು ಅದೇ ಕೌಶಲದಿಂದ ರಕ್ತ ಪರೀಕ್ಷೆಗೆ, ಡಿಎನ್‌ಎ ಕೆಲಸಕ್ಕೆ ಬೇಕಾದ ಪ್ಲಾಸ್ಟಿಕ್ ಚಿಪ್ ಮಾಡುವ ವಿಭಾಗ ಕಟ್ಟಿದರು. 2016ರಲ್ಲಿ ಅದನ್ನು ಜರ್ಮನಿಯ ಸ್ಟ್ರಾಟೆಕ್ ಕೊಂಡಿತು.

ಸ್ವೀಡನ್ನಿನಲ್ಲಿ ಇನ್ನೂ ನೇರವಾದ ಉದಾಹರಣೆ ಉಪ್ಸಾಲಾದ ಗೈರೋಸ್. 2000ದಲ್ಲಿ ಅಮರ್‌ಶಾಮ್ ಫಾರ್ಮಸಿಯಾ ಬಯೋಟೆಕ್‌ನಿಂದ ಬೇರೆಯಾದ ಕಂಪನಿ. ಅವರ ಪರೀಕ್ಷೆ ನಡೆಯುವುದೇ ಸಿಡಿ ಆಕಾರದ ಡಿಸ್ಕಿನ ಮೇಲೆ.

ಸೂಜಿಮೊನೆ:
ಡಿಸ್ಕ್ ಯಾಕೆ? ಚೌಕಾಕಾರದ ಚಿಪ್ ಸಾಲದಾ?

ಲ್ಯಾಬ್‌ಕೋಟು:
ಪಂಪ್ ಬೇಡ ಅನ್ನುವುದೇ ಗುಟ್ಟು. ಡಿಸ್ಕ್ ತಿರುಗಿಸಿದರೆ ದ್ರವ ತಾನಾಗಿಯೇ ಹೊರಗಡೆ ಓಡುತ್ತದೆ. ಕಾಲುವೆಯ ನಡುವೆ ನೀರು ಹಿಡಿಯದ ಒಂದು ತಡೆ ಇಟ್ಟರೆ ನಿಧಾನದಲ್ಲಿ ತಿರುಗಿದಾಗ ದ್ರವ ಅಲ್ಲೇ ನಿಲ್ಲುತ್ತದೆ, ವೇಗ ಹೆಚ್ಚಿಸಿದಾಗ ದಾಟುತ್ತದೆ. ವೇಗ ಬದಲಾಯಿಸುವುದರಿಂದಲೇ ಎಲ್ಲಾ ಹಂತ ಮುಗಿಯುತ್ತದೆ. ಒಂದು ಡಿಸ್ಕಿನಲ್ಲಿ 112 ಪರೀಕ್ಷೆ, ಪ್ರತಿಯೊಂದಕ್ಕೂ ಬೇಕಾಗುವ ದ್ರವ ಹನಿಗಿಂತ ಎಷ್ಟೋ ಕಡಿಮೆ. ಕೊನೆಗೆ ಓದುವುದೂ ಲೇಸರಿನಿಂದಲೇ. ಬಯೋಲಾಜಿಕ್ಸ್, ಅಂದರೆ ಜೀವಕೋಶಗಳಿಂದ ತಯಾರಿಸುವ ಔಷಧಿ ಮಾಡುವವರು ಪ್ರೋಟೀನ್ ಅಳೆಯಲು ಬಳಸುತ್ತಾರೆ.

ಷೇರುಪೇಟೆ_ಶೆಟ್ರು:
ಇದನ್ನೂ ಯಾರೋ ನುಂಗಿರಬೇಕಲ್ಲ?

ಲ್ಯಾಬ್‌ಕೋಟು:
ನುಂಗಿದ್ದಾರೆ. 2016ರಲ್ಲಿ ಗೈರೋಸ್ ಅಮೆರಿಕದ ಪ್ರೋಟೀನ್ ಟೆಕ್ನಾಲಜೀಸ್ ಜೊತೆ ಸೇರಿತು. 2019ರಲ್ಲಿ ಆ ಜೋಡಿಯನ್ನು ಅಮೆರಿಕದ ಮೀಸಾ ಲ್ಯಾಬ್ಸ್ 18 ಕೋಟಿ ಡಾಲರಿಗೆ ಕೊಂಡಿತು. ಉಪ್ಸಾಲಾ ಘಟಕ ಹಾಗೇ ಮುಂದುವರಿಯಿತು. ಹಾಡಿನ ಡಿಸ್ಕಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ: ಇದನ್ನು ಒಂದು ಸಲ ಬಳಸಿ ಬಿಸಾಡಬೇಕು, ಹಾಗಾಗಿ ಲ್ಯಾಬ್‌ನವರು ಮತ್ತೆ ಮತ್ತೆ ಕೊಳ್ಳಲೇಬೇಕು.

ಷೇರುಪೇಟೆ_ಶೆಟ್ರು:
ಆ ದುಡ್ಡು ಯಾಕೆ ಕೊಟ್ಟರು ಅಂತ ಈಗ ಗೊತ್ತಾಯಿತು.